ಹಪ್ಪಳ ಒಳಗೆ ಬಂದ ಮೇಲೆ ಗುಡ್ಡ ಹತ್ತಬೇಡಿ

ಏಪ್ರಿಲ್ ಬಂತೆಂದರೆ ನಮ್ಮ ಮನೆಯಲ್ಲಿ ಒಂದೇ ಮಾತು. ‘ಈ ಬೆಂಗಳೂರಿನ ಸೆಕೆ ಸಾಕಪ್ಪಾ, ಎಲ್ಲಾದರೂ ತಂಪಾದ ಕಡೆ ಹೋಗೋಣ.’ ಮಕ್ಕಳ ಪರೀಕ್ಷೆ ಮುಗಿದಿರುತ್ತದೆ, ನಮ್ಮವರಿಗೆ ರಜೆ ಉಳಿದಿರುತ್ತದೆ, ನನಗೆ ಅಡುಗೆಮನೆಯಿಂದ ನಾಲ್ಕು ದಿನ ಬಿಡುಗಡೆ ಸಿಕ್ಕರೆ ಸಾಕಾಗಿರುತ್ತದೆ. ನಿಮ್ಮ ಮನೆಯಲ್ಲೂ ಹೀಗೇ ಅಲ್ವಾ? ಹೋದ ವರ್ಷ ನಾವು ಹೆಚ್ಚು ಯೋಚನೆ ಮಾಡಲಿಲ್ಲ. ಚಿಕ್ಕಮಗಳೂರಿನಲ್ಲಿ ನನ್ನ ಚಿಕ್ಕಮ್ಮನ ಮನೆ ಇದೆ. ಕೈಮರದಿಂದ ಸ್ವಲ್ಪ ಒಳಗೆ, ಚಂದ್ರದ್ರೋಣ ಪರ್ವತದ ಬುಡದಲ್ಲಿ, ನಾಲ್ಕು ಎಕರೆ ಅರೇಬಿಕಾ ಕಾಫಿ ತೋಟ, ಅದರ ನಡುವೆ ಹಂಚಿನ ಮನೆ. ಬೆಳಗ್ಗೆ ಐದಕ್ಕೆ ಕಾರು ಹತ್ತಿದರೆ ಸುಮಾರು 250 ಕಿಲೋಮೀಟರ್. ಹಾಸನ, ಬೇಲೂರು ದಾಟಿ ಊಟದ ಹೊತ್ತಿಗೆ ಮುಂಚೆಯೇ ತಲುಪಿಬಿಡಬಹುದು.

ತಲುಪಿದೆವು. ಆದರೆ ತಂಪು ಎಲ್ಲಿತ್ತು? ಊರು ಸಾವಿರ ಮೀಟರಿಗಿಂತ ಎತ್ತರದಲ್ಲಿದ್ದರೂ ಅಂಗಳದ ಸಿಮೆಂಟು ಕಾಲು ಸುಡುತ್ತಿತ್ತು. ಒಂದು ಎಲೆ ಅಲ್ಲಾಡುತ್ತಿರಲಿಲ್ಲ. ಕಾಫಿ ಗಿಡಗಳೆಲ್ಲ ಎಲೆ ಜೋತು ಹಾಕಿಕೊಂಡು, ಬೈಸಿಕೊಂಡ ಮಕ್ಕಳ ಹಾಗೆ ನಿಂತಿದ್ದವು. ಚಿಕ್ಕಮ್ಮ ಅಂಗಳದಲ್ಲಿ ಚಾಪೆ ಹಾಸಿ ಹಲಸಿನಕಾಯಿ ಹಪ್ಪಳ ಒಣಗಿಸಿದ್ದರು. ‘ಬಂದ್ರಾ, ಬನ್ನಿ’ ಅಂದವರೇ ನಮ್ಮ ಮುಖ ನೋಡುವ ಮೊದಲು ತಲೆ ಎತ್ತಿ ಪಶ್ಚಿಮದ ಕಡೆ ಆಕಾಶ ನೋಡಿದರು. ಅಲ್ಲಿ ಏನೂ ಇರಲಿಲ್ಲ. ತೊಳೆದ ತಟ್ಟೆಯ ಹಾಗೆ ನೀಲಿ.

ಆ ಮೂರು ದಿನದಲ್ಲಿ ಅವರು ಹಾಗೆ ಆಕಾಶ ನೋಡಿದ್ದು ಅದೆಷ್ಟು ಸಲವೋ! ಮೊದಲ ದಿನ ನನಗೆ ಅದು ವಯಸ್ಸಾದವರ ಅಭ್ಯಾಸ ಅನ್ನಿಸಿತ್ತು. ಹಪ್ಪಳ ನೆನೆದುಹೋದೀತೆಂಬ ಚಿಂತೆ ಇರಬೇಕು ಅಂದುಕೊಂಡೆ.

ಇಂಚು, ಸೆಂಟು ಮತ್ತು ಒಂದು ನೋಟ್‌ಬುಕ್

ಆ ಮನೆಯ ಅಂಗಳದಲ್ಲಿ ತುಳಸಿಕಟ್ಟೆಯಿಂದ ಸ್ವಲ್ಪ ದೂರಕ್ಕೆ, ಮರದ ನೆರಳಿಲ್ಲದ ಕಡೆ, ಒಂದು ಕಂಬಕ್ಕೆ ಮಳೆಮಾಪಕ ಕಟ್ಟಿದ್ದಾರೆ. ಮೇಲೆ ಒಂದು ಆಲಿಕೆ, ಒಳಗೆ ಗೆರೆ ಹಾಕಿದ ಗಾಜಿನ ಜಾಡಿ. ಕಾಫಿ ಸೀಮೆಯಲ್ಲಿ ಇದಿಲ್ಲದ ಮನೆ ಕಡಿಮೆ. ಸರಕಾರ ಮಳೆಯನ್ನು ಮಿಲಿಮೀಟರಿನಲ್ಲಿ ಅಳೆದರೆ ಇವರು ಇವತ್ತಿಗೂ ಇಂಚು ಮತ್ತು ಸೆಂಟಿನಲ್ಲೇ ಅಳೆಯುತ್ತಾರೆ. ನೂರು ಸೆಂಟಿಗೆ ಒಂದು ಇಂಚು. ‘ನಿಮ್ಮಲ್ಲಿ ಎಷ್ಟಾಯ್ತು?’ ‘ಎಂಬತ್ತು ಸೆಂಟು. ನಿಮ್ಮಲ್ಲಿ?’ ಮಳೆ ಬಿದ್ದ ಮಾರನೇ ಬೆಳಗ್ಗೆ ಇಡೀ ಊರಿನ ಫೋನುಗಳಲ್ಲಿ ಇದೇ ಮಾತುಕತೆ.

ಚಿಕ್ಕಪ್ಪ ಇದ್ದಾಗ ಪ್ರತಿ ಮಳೆಯನ್ನೂ ಒಂದು ಉದ್ದನೆಯ ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದರು. ಅವರು ಹೋಗಿ ಆರು ವರ್ಷವಾಯಿತು. ಈಗ ಚಿಕ್ಕಮ್ಮ ಬರೆಯುತ್ತಾರೆ. ರಾತ್ರಿ ಊಟ ಆದ ಮೇಲೆ ನಾನು ಅದನ್ನು ತಿರುವಿ ಹಾಕುತ್ತಾ ಕೂತೆ. ತಾರೀಖು, ಮಳೆ ನಕ್ಷತ್ರದ ಹೆಸರು, ಎಷ್ಟು ಇಂಚು ಎಷ್ಟು ಸೆಂಟು. ಪಕ್ಕದಲ್ಲಿ ಒಂದೆರಡು ಪದ: ‘ಗಾಳಿ ಜೋರು’, ‘ಆಲಿಕಲ್ಲು’, ‘ಮಲ್ಲಿಗೆ ಹಂಬಿನ ಚಪ್ಪರ ಬಿತ್ತು’. ಹಳೆಯ ಪುಟಗಳಲ್ಲಿ ಮಾರ್ಚ್, ಏಪ್ರಿಲ್ ತುಂಬಾ ಸಾಲುಗಳಿದ್ದವು. ಆ ವರ್ಷದ ಪುಟ ಮಾತ್ರ ಬಿಳಿ. ಜನವರಿಯಲ್ಲಿ ಅಕಾಲಕ್ಕೆ ಬಿದ್ದ ಹದಿನೈದು ಸೆಂಟು ಬಿಟ್ಟರೆ ಬೇರೇನೂ ಇಲ್ಲ.

‘ರೇವತಿ ಮುಗಿಯೋಕೆ ಇನ್ನು ನಾಲ್ಕು ದಿನ’ ಅಂದರು ಚಿಕ್ಕಮ್ಮ.

ರೇವತಿ ಅಂದರೆ ಮಾರ್ಚ್ ಕೊನೆಯಿಂದ ಏಪ್ರಿಲ್ 13ರ ಸುಮಾರಿನವರೆಗೆ ಇರುವ ಮಳೆ. ಆಮೇಲೆ ಅಶ್ವಿನಿ. ಏಪ್ರಿಲ್ ಕೊನೆಗೆ ಭರಣಿ, ಮೇ ನಡುವಿಗೆ ಕೃತ್ತಿಕೆ, ಕೊನೆಗೆ ರೋಹಿಣಿ. ಜೂನ್ ಮೊದಲ ವಾರ ಕಳೆದರೆ ಮೃಗಶಿರ, ಅಲ್ಲಿಗೆ ಮುಂಗಾರು. ಸೂರ್ಯ ಒಂದೊಂದು ನಕ್ಷತ್ರದಲ್ಲಿ ಹದಿಮೂರು ಹದಿನಾಲ್ಕು ದಿನ ಇರುವ ಲೆಕ್ಕವಿದು. ‘ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ’ ಅಂತ ನನ್ನಜ್ಜಿ ಹೇಳುತ್ತಿದ್ದದ್ದು ನೆನಪಿದೆ. ಆದರೆ ಕಾಫಿಯವರಿಗೆ ಭರಣಿಯವರೆಗೆ ಕಾಯುವಷ್ಟು ವ್ಯವಧಾನವಿಲ್ಲ. ಅವರಿಗೆ ಬೇಕಾದದ್ದು ಹೂಮಳೆ.

ನಾನು ಕಾಫಿ ಕುಡಿಯಲು ಶುರುಮಾಡಿ ಮೂವತ್ತು ವರ್ಷ ಆಗಿರಬಹುದು. ಹೂಮಳೆ ಅಂದರೇನು ಅಂತ ಸರಿಯಾಗಿ ತಿಳಿದದ್ದು ಆ ರಾತ್ರಿ. ಕಾಫಿ ಗಿಡ ಮೊಗ್ಗು ಕಟ್ಟಿಕೊಂಡು ಬೇಸಿಗೆಯ ಒಣಹವೆಯಲ್ಲಿ ನಿದ್ದೆ ಮಾಡುತ್ತಾ ಇರುತ್ತದಂತೆ. ಅದನ್ನು ಎಬ್ಬಿಸುವುದು ಒಂದು ಒಳ್ಳೆಯ ಮಳೆ. ಹತ್ತಿರ ಹತ್ತಿರ ಒಂದು ಇಂಚು ಒಂದೇ ಸಲಕ್ಕೆ ಬಿದ್ದರೆ ಎಲ್ಲ ಮೊಗ್ಗೂ ಒಟ್ಟಿಗೆ ಎಚ್ಚರವಾಗಿ, ಒಂಬತ್ತು ಹತ್ತು ದಿನಕ್ಕೆ ಇಡೀ ತೋಟ ಒಂದೇ ಬೆಳಗ್ಗೆ ಬೆಳ್ಳಗೆ ಅರಳುತ್ತದೆ. ಎರಡು ಮೂರು ದಿನವಷ್ಟೇ ಆ ಹೂವು. ಆಮೇಲೆ ಎರಡು ಮೂರು ವಾರದೊಳಗೆ ಇನ್ನೊಂದು ಮಳೆ ಬೇಕು, ಕಾಯಿ ಕಚ್ಚಿ ನಿಲ್ಲುವುದಕ್ಕೆ. ಮೊದಲನೆಯದು ಅರೆಬರೆ ಬಿದ್ದರೆ ಮೊಗ್ಗು ಅರ್ಧ ಎದ್ದು ಒಣಗುತ್ತದೆ. ಬರಲೇ ಇಲ್ಲವೆಂದರೆ ಮೊಗ್ಗು ಬಿಸಿಲಿಗೆ ಸುಟ್ಟುಹೋಗುತ್ತದೆ. ವರ್ಷದ ಬೆಳೆ, ಅಂದರೆ ವರ್ಷದ ಸಂಸಾರ, ಬೇಸಿಗೆಯ ಒಂದೋ ಎರಡೋ ಮಧ್ಯಾಹ್ನಗಳ ಮೇಲೆ ನಿಂತಿದೆ. ಇದೇ ಜಿಲ್ಲೆಯ ಬಾಳೆಹೊನ್ನೂರಿನಲ್ಲಿ 1925ರಿಂದ ಕಾಫಿ ಸಂಶೋಧನಾ ಕೇಂದ್ರ ಇದೆ, ಎಷ್ಟೋ ತಳಿಗಳು ಬಂದಿವೆ. ಆದರೂ ಸಣ್ಣ ಬೆಳೆಗಾರರು ಇವತ್ತಿಗೂ ತಲೆ ಎತ್ತಿ ಆಕಾಶವನ್ನೇ ನೋಡಬೇಕು.

‘ದೊಡ್ಡ ಎಸ್ಟೇಟಿನೋರಿಗೆ ಕೆರೆ ಇದೆ, ಸ್ಪ್ರಿಂಕ್ಲರ್ ಇದೆ, ನೀರು ಹಾರಿಸಿ ಹೂ ಅರಳಿಸ್ಕೋತಾರೆ. ನಮ್ಮ ಗುಂಡೀಲಿ ಬಟ್ಟೆ ಒಗೆಯೋಕೂ ನೀರಿಲ್ಲ’ ಅಂದರು ಚಿಕ್ಕಮ್ಮ. ಹಿಂದಿನ ವರ್ಷವೂ ಹೂಮಳೆ ಕೈಕೊಟ್ಟಿತ್ತು. ಆಗ ಸಾಲ ಮಾಡಿ ಟ್ಯಾಂಕರಿನಲ್ಲಿ ನೀರು ತರಿಸಿದ್ದರಂತೆ. ನೀರು ಅರ್ಧ ತೋಟಕ್ಕೂ ಸಾಲಲಿಲ್ಲ, ಸಾಲ ಮಾತ್ರ ಉಳಿಯಿತು. ಬೆಂಗಳೂರಿನಲ್ಲಿರುವ ಅವರ ಮಗ, ನನ್ನ ತಮ್ಮ, ತೋಟ ಮಾರಿಬಿಡೋಣ ಅಂತ ಕೂತಿದ್ದಾನೆ. ತಪ್ಪು ಅಂತ ಹೇಗೆ ಹೇಳಲಿ? ಎಪ್ಪತ್ತು ದಾಟಿದ ತಾಯಿ ಒಬ್ಬರೇ ಇರುವುದು ಅವನ ಚಿಂತೆ. ಹೋಂಸ್ಟೇ ಮಾಡುವ ಯಾರೋ ಎರಡು ಸಲ ಬಂದು ಜಾಗ ಅಳೆದು ಹೋಗಿದ್ದಾರೆ.

‘ನೀವೇನಂದ್ರಿ?’ ಅಂತ ಕೇಳಿದೆ.

‘ಭರಣಿ ಮುಗೀಲಿ, ಆಮೇಲೆ ಹೇಳ್ತೀನಿ ಅಂದೆ’ ಅಂದು ನೋಟ್‌ಬುಕ್ ಮುಚ್ಚಿದರು.

ನಮ್ಮ ಹಟ

ಮಲೆನಾಡಿನ ಬೇಸಿಗೆಯ ದಿನಕ್ಕೆ ಎರಡು ಮುಖ. ಬೆಳಗ್ಗೆ ಇಷ್ಟು ಒಳ್ಳೆಯವರು ಯಾರೂ ಇಲ್ಲ ಅನ್ನುವ ಹಾಗೆ ಇರುತ್ತದೆ. ಎಳೆ ಬಿಸಿಲು, ಕಾಜಾಣದ ಸಿಳ್ಳೆ, ಗುಡ್ಡದ ತುದಿ ಕೈಗೆ ಸಿಗುವಷ್ಟು ಸ್ಪಷ್ಟ. ಹನ್ನೊಂದಕ್ಕೆ ಬೆಟ್ಟದ ನೆತ್ತಿಯ ಮೇಲೆ ಹತ್ತಿಯ ಉಂಡೆಯಂಥ ಒಂದು ಮೋಡ. ಹನ್ನೆರಡಕ್ಕೆ ನಾಲ್ಕು. ಒಂದು ಗಂಟೆಗೆ ಆ ನಾಲ್ಕೂ ಸೇರಿ ಹೂಕೋಸಿನ ಹಾಗೆ ಮೇಲಕ್ಕೆ ಉಬ್ಬುತ್ತವೆ. ಕೆಲವು ದಿನ ಅಷ್ಟಕ್ಕೇ ನಿಂತು ಸಂಜೆಗೆ ಕರಗಿಹೋಗುತ್ತವೆ. ಕೆಲವು ದಿನ ನಿಲ್ಲುವುದಿಲ್ಲ.

ನಾವು ಹೋದ ಎರಡನೇ ದಿನ ಉಬ್ಬಿದ ಮೋಡ ಕರಗಿಹೋಯಿತು. ಚಿಕ್ಕಮ್ಮ ಆ ರಾತ್ರಿ ಹೆಚ್ಚು ಮಾತಾಡಲಿಲ್ಲ.

ಮೂರನೇ ದಿನ ಬೆಳಗ್ಗೆ ನಾವು ಮುಳ್ಳಯ್ಯನಗಿರಿಗೆ ಹೊರಡಬೇಕಿತ್ತು. 1,930 ಮೀಟರ್, ಕರ್ನಾಟಕದ ಅತಿ ಎತ್ತರದ ಶಿಖರ. ಮಕ್ಕಳಿಗೆ ಅದೇ ಮುಖ್ಯ ಆಕರ್ಷಣೆ. ಆದರೆ ರಜೆಯಲ್ಲಿ ಮಕ್ಕಳನ್ನು ಎಬ್ಬಿಸುವುದು ನಿಮಗೆ ಗೊತ್ತಲ್ಲ. ಎದ್ದು, ಅಕ್ಕಿರೊಟ್ಟಿ ತಿಂದು, ಸ್ನಾನ ಮಾಡಿ, ಮಗಳು ಕೂದಲು ಒಣಗಿಸಿಕೊಂಡು, ಮಗ ಕಳೆದುಹೋದ ಒಂದು ಶೂ ಹುಡುಕಿ ಮುಗಿಯುವಾಗ ಗಂಟೆ ಹನ್ನೆರಡೂವರೆ. ‘ಊಟ ಮಾಡಿಕೊಂಡೇ ಹೋಗೋಣ’ ಅಂದರು ನಮ್ಮವರು.

ಊಟ ಮುಗಿಸಿ ಹೊರಗೆ ಬಂದರೆ ಚಿಕ್ಕಮ್ಮ ಹಪ್ಪಳದ ಚಾಪೆ ಸುತ್ತುತ್ತಿದ್ದರು. ಬಿಸಿಲು ಇನ್ನೂ ಸುಡುತ್ತಿದೆ, ಹಪ್ಪಳ ಪೂರ್ತಿ ಒಣಗಿಲ್ಲ.

‘ಇಷ್ಟು ಬೇಗ ಯಾಕೆ ತೆಗೀತಿದೀರಾ?’ ಅಂದೆ.

‘ನೊಣ ಮೈಮೇಲೆ ಕೂರ್ತಿದೆ ನೋಡು. ಗಾಳಿ ಸತ್ತುಹೋಗಿದೆ. ಇವತ್ತು ಗುಡ್ಡಕ್ಕೆ ಹೋಗ್ಬೇಡಿ, ನಾಳೆ ಬೆಳಿಗ್ಗೆ ಬೇಗ ಹೋಗಿ’ ಅಂದರು.

‘ನಾಳೆ ವಾಪಸ್ ಹೋಗಬೇಕಲ್ಲ ಚಿಕ್ಕಮ್ಮ. ಮುಕ್ಕಾಲು ಗಂಟೆ ದಾರಿ, ಹೀಗೆ ಹೋಗಿ ಹಾಗೆ ಬಂದುಬಿಡ್ತೀವಿ.’

ಅವರು ಮತ್ತೆ ಹೇಳಲಿಲ್ಲ. ಬೆಂಗಳೂರಿನಿಂದ ಬಂದ ನೆಂಟರಿಗೆ ಎಷ್ಟು ಸಲ ಹೇಳುವುದು?

ಗುಡ್ಡದ ರಸ್ತೆ ಚೆನ್ನಾಗಿಯೇ ಇತ್ತು. ಕಾಫಿ ತೋಟ, ಸಿಲ್ವರ್ ಓಕ್ ಮರಗಳು ಹಿಂದಾದ ಮೇಲೆ ಮರವೇ ಇಲ್ಲದ ಹುಲ್ಲಿನ ಬೆಟ್ಟಗಳು ತೆರೆದುಕೊಳ್ಳುತ್ತವೆ. ಇಳಿಜಾರಿನ ಮಡಿಲಲ್ಲಿ ಮಾತ್ರ ಅಲ್ಲಲ್ಲಿ ಕಪ್ಪಗೆ ಶೋಲಾ ಕಾಡು. ಅರ್ಧಚಂದ್ರದ ಹಾಗೆ ಬಾಗಿದ ಈ ಶ್ರೇಣಿಯಲ್ಲೇ ಬಾಬಾಬುಡನ್‌ಗಿರಿಯೂ ಇರುವುದು. ಹದಿನೇಳನೇ ಶತಮಾನದಲ್ಲಿ ಬಾಬಾ ಬುಡನ್ ಯೆಮನ್ ಕಡೆಯಿಂದ ಏಳು ಕಾಫಿ ಬೀಜ ತಂದು ಇಲ್ಲಿ ನೆಟ್ಟರು ಅನ್ನುವ ಕಥೆಯನ್ನು ನಮ್ಮವರು ಮಕ್ಕಳಿಗೆ ಹೇಳುತ್ತಿದ್ದರು. ನಾನು ಕಿಟಕಿಯಿಂದ ಹೊರಗೆ ನೋಡಿದೆ. ಬಿಸಿಲು ಇತ್ತು, ಆದರೆ ಬಣ್ಣ ಸರಿಯಿರಲಿಲ್ಲ. ಹಳೇ ಫೋಟೋದ ಹಾಗೆ ಹಳದಿ.

ಕಾರು ನಿಲ್ಲಿಸಿ ಮೆಟ್ಟಿಲು ಹತ್ತತೊಡಗಿದಾಗ ಎರಡೂವರೆ. ಜನ ಸಾಕಷ್ಟಿದ್ದರು. ತಣ್ಣನೆಯ ಗಾಳಿ ಒಮ್ಮೆಲೇ ಬೀಸಿತು. ‘ಅಬ್ಬಾ, ಈಗ ತಂಪಾಯ್ತು!’ ಅಂತ ಎಲ್ಲರೂ ಖುಷಿಪಟ್ಟೆವು. ಪಶ್ಚಿಮದ ಕಡೆ ಮೋಡದ ಬುಡ ಸೀಸದ ಹಾಗೆ ಕಪ್ಪಾಗಿತ್ತು. ದೂರದಲ್ಲೆಲ್ಲೋ ಹಲಗೆ ಎಳೆದ ಹಾಗೆ ಒಂದು ಗುಡುಗು. ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಎಲ್ಲರ ಕೈಯಲ್ಲೂ ಮೊಬೈಲು, ಹಿನ್ನೆಲೆಗೆ ಕಪ್ಪು ಮೋಡ. ಇಷ್ಟು ಚೆಂದದ ಫೋಟೋ ಇನ್ಯಾವಾಗ ಸಿಗುತ್ತದೆ?

ಅರ್ಧ ಹತ್ತಿರಬಹುದು. ಮಗಳು ಮೆಟ್ಟಿಲ ಮೇಲೆ ನಿಂತು ‘ಅಮ್ಮಾ, ನನ್ನ ಕೂದಲು ನೋಡು!’ ಅಂತ ನಕ್ಕಳು. ಬೆಳಗ್ಗೆ ಅಷ್ಟು ಹೊತ್ತು ಒಣಗಿಸಿಕೊಂಡ ಕೂದಲು ಒಂದೊಂದೇ ಎಳೆಯಾಗಿ ಮೇಲಕ್ಕೆ ಎದ್ದು ನಿಂತಿತ್ತು. ಗಾಳಿಗಲ್ಲ. ಗಾಳಿ ಆಗ ನಿಂತುಹೋಗಿತ್ತು. ಮಗ ಅಕ್ಕನನ್ನು ನೋಡಿ ಬಿದ್ದೂ ಬಿದ್ದೂ ನಗುತ್ತಿದ್ದ. ನಾನೂ ನಕ್ಕೆ. ಹೌದು, ನಕ್ಕೆ. ಫೋಟೋ ತೆಗೆಯಲು ಮೊಬೈಲು ಎತ್ತಿದೆ.

ಕೆಳಗಿನಿಂದ ಯಾರೋ ಕೂಗಿದರು. ಪ್ರವಾಸಿಗರನ್ನು ಕರೆತಂದಿದ್ದ ಒಬ್ಬ ಜೀಪ್ ಡ್ರೈವರ್. ‘ಯಮ್ಮಾ, ಫೋಟೋ ಬಿಡಿ! ಹುಡುಗೀನ ಎಳ್ಕೊಂಡು ಇಳೀರಿ! ಕೂದಲು ಎದ್ರೆ ಸಿಡ್ಲು ಬರ್ತದೆ!’ ಆ ಧ್ವನಿಯಲ್ಲಿದ್ದ ಭಯ ನನ್ನ ಕಾಲಿಗೆ ತಲುಪಿತು. ಮಗಳ ಕೈ ಹಿಡಿದೆ, ನಮ್ಮವರು ಮಗನನ್ನು ಹೆಚ್ಚುಕಡಿಮೆ ಎತ್ತಿಕೊಂಡರು. ಹೇಗೆ ಇಳಿದೆವೋ ಗೊತ್ತಿಲ್ಲ. ಕಾರಿನ ಬಾಗಿಲು ಹಾಕಿಕೊಂಡು ಒಂದು ನಿಮಿಷ ಆಗಿತ್ತೋ ಇಲ್ಲವೋ, ಜಗತ್ತೇ ಬೆಳ್ಳಗಾಯಿತು. ಬೆಳಕು, ಸದ್ದು ಎರಡೂ ಒಟ್ಟಿಗೆ. ನಡುವೆ ಉಸಿರು ತೆಗೆದುಕೊಳ್ಳುವಷ್ಟೂ ಅಂತರ ಇರಲಿಲ್ಲ. ಸಿಡಿಲು ಬಿದ್ದದ್ದು ಮೇಲಿನ ಏಣಿನ ಮೇಲೆ, ಬೋಳು ಗುಡ್ಡದಲ್ಲಿ. ಪುಣ್ಯಕ್ಕೆ ಅಷ್ಟು ಹೊತ್ತಿಗೆ ಜನರೆಲ್ಲ ಓಡಿ ಬಂದು ವಾಹನಗಳೊಳಗೆ ತುಂಬಿಕೊಂಡಿದ್ದರು.

ಆಮೇಲೆ ಮಳೆ. ಮಳೆಯಲ್ಲ, ಮೊದಲು ಆಲಿಕಲ್ಲು. ಕಾರಿನ ತಲೆಯ ಮೇಲೆ ಕಡಲೆಕಾಯಿ ಹುರಿದ ಹಾಗೆ ಸದ್ದು. ಮುಂದಿನ ಗಾಜಿನಲ್ಲಿ ಏನೂ ಕಾಣದು. ಮಗ ಅಳತೊಡಗಿದ. ನಾನು ಸಣ್ಣವಳಿದ್ದಾಗ ಗುಡುಗಿದರೆ ಅಜ್ಜಿ ಅರ್ಜುನನ ಹತ್ತು ಹೆಸರು ಹೇಳಿಸುತ್ತಿದ್ದರು. ಅದನ್ನೇ ಹೇಳಲು ಹೋದೆ. ಐದು ಹೆಸರಾದ ಮೇಲೆ ನೆನಪೇ ಆಗಲಿಲ್ಲ. ಹೇಳಿದ ಐದನ್ನೇ ಮತ್ತೆ ಮತ್ತೆ ಹೇಳಿದೆ. ಮನಸ್ಸಿನಲ್ಲಿ ಒಂದೇ ಬೇಡಿಕೆ: ‘ದೇವರೇ, ಈ ಮಳೆ ಒಮ್ಮೆ ನಿಲ್ಲಲಿ, ಒಮ್ಮೆ ನಿಲ್ಲಲಿ.’

ಮುಕ್ಕಾಲು ಗಂಟೆ ಅದು ನಿಲ್ಲಲಿಲ್ಲ.

ಗುಡ್ಡಕ್ಕೇ ಯಾಕೆ, ಮಧ್ಯಾಹ್ನವೇ ಯಾಕೆ?

ಊರಿಗೆ ಬಂದ ಮೇಲೆ ಇದರ ಬಗ್ಗೆ ಸ್ವಲ್ಪ ಓದಿಕೊಂಡೆ. ಹೆದರಿದ ಮೇಲೆ ಬುದ್ಧಿ ಬರುವುದು ನಮ್ಮ ಜಾಯಮಾನ. ಬೇಸಿಗೆಯ ಬಿಸಿಲಿಗೆ ಬೆಟ್ಟದ ಇಳಿಜಾರು ಬೇಗ ಕಾಯುತ್ತದೆ. ಅದನ್ನು ತಾಗಿದ ಗಾಳಿ ಬಿಸಿಯಾಗಿ ಬೆಟ್ಟದ ಮೈ ಹಿಡಿದು ಮೇಲೇರುತ್ತದೆ. ಪಶ್ಚಿಮಕ್ಕೆ ನೂರು ಚಿಲ್ಲರೆ ಕಿಲೋಮೀಟರ್ ದೂರದಲ್ಲೇ ಅರಬ್ಬಿ ಸಮುದ್ರ, ಅಲ್ಲಿಂದ ತೇವ ಬರುತ್ತದೆ. ಬಂಗಾಳ ಕೊಲ್ಲಿಯ ಕಡೆಯ ತೇವದ ಗಾಳಿಯೂ ಬೇಸಿಗೆಯಲ್ಲಿ ನಮ್ಮ ಒಳನಾಡಿನವರೆಗೆ ಬಂದು ಇದರ ಜೊತೆ ಸೇರುವುದುಂಟು. ಬೆಳಗಿನಿಂದ ಕಾದ ಗಾಳಿ ಮಧ್ಯಾಹ್ನದ ಹೊತ್ತಿಗೆ ಜೋರಾಗಿ ಮೇಲೆದ್ದು, ಹನ್ನೆರಡು ಕಿಲೋಮೀಟರಿಗೂ ಎತ್ತರದ ಮೋಡದ ಗೋಪುರ ಕಟ್ಟುತ್ತದೆ. ಆ ಗೋಪುರದೊಳಗೆ ಮಂಜಿನ ಹರಳುಗಳು, ಆಲಿಕಲ್ಲುಗಳು ಒಂದಕ್ಕೊಂದು ಡಿಕ್ಕಿ ಹೊಡೆದು ವಿದ್ಯುತ್ತು ಹುಟ್ಟುತ್ತದೆ. ಅದು ನೆಲಕ್ಕೆ ಇಳಿಯಲು ಹತ್ತಿರದ ದಾರಿ ಹುಡುಕುತ್ತದೆ. ಬೋಳು ಗುಡ್ಡದ ಏಣಿನ ಮೇಲೆ ನಿಂತ ಮನುಷ್ಯನಿಗಿಂತ ಹತ್ತಿರದ ದಾರಿ ಇನ್ಯಾವುದು? ಮಿಂಚು ಹಾಯುವಾಗ ಆ ದಾರಿಯ ಗಾಳಿ ಸುಮಾರು 30,000 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯುತ್ತದೆ. ಸೂರ್ಯನ ಮೇಲ್ಮೈಗಿಂತ ಐದು ಪಟ್ಟು.

ಜೂನ್ ನಂತರದ ಮುಂಗಾರು ಬೇರೆ ತರಹ. ಅದು ದಿನಗಟ್ಟಲೆ ಸುರಿದರೂ ಗುಡುಗು, ಸಿಡಿಲು ಕಡಿಮೆ. ಏಪ್ರಿಲ್–ಮೇ ತಿಂಗಳ ಅಡ್ಡಮಳೆ ಹೊತ್ತು ಕಡಿಮೆ, ಗಲಾಟೆ ಜಾಸ್ತಿ. ಮಳೆಗಾಲದಲ್ಲಿ ಜಾರುವ ಭಯದಿಂದ ನಾವೆಲ್ಲ ಎಚ್ಚರವಾಗಿರುತ್ತೇವೆ. ಬೇಸಿಗೆ ರಜೆ ಅಂತ ಮೈಮರೆತು ಹೋಗುವುದು ಮಾತ್ರ ಈ ಸಿಡಿಲಿನ ತಿಂಗಳಲ್ಲೇ. ನಮ್ಮ ದೇಶದಲ್ಲಿ ವರ್ಷಕ್ಕೆ 2,000ಕ್ಕೂ ಹೆಚ್ಚು ಜನ ಸಿಡಿಲಿಗೆ ಬಲಿಯಾಗುತ್ತಾರೆ. ಅದರಲ್ಲಿ ಹೆಚ್ಚಿನವರು ಗದ್ದೆ, ತೋಟ, ಬಯಲಲ್ಲಿದ್ದವರು, ಮರದ ಕೆಳಗೆ ನಿಂತವರು.

ಅದಕ್ಕೇ ಬೇಸಿಗೆಗೆ ಗುಡ್ಡದ ಕಡೆ ಹೊರಟಿರುವವರಿಗೆ ನಾಲ್ಕು ಮಾತು. ಗುಡ್ಡ ಹತ್ತುವುದಾದರೆ ಬೆಳಗ್ಗೆ ಹತ್ತಿ, ಹನ್ನೆರಡರೊಳಗೆ ಇಳಿದುಬಿಡಿ. ಮಿಂಚು ಕಂಡ ಮೇಲೆ ಎಣಿಸಿ. ಮೂರು ಎಣಿಸುವಷ್ಟರಲ್ಲಿ ಗುಡುಗಿದರೆ ಸಿಡಿಲು ಒಂದೇ ಕಿಲೋಮೀಟರ್ ದೂರದಲ್ಲಿದೆ ಎಂದರ್ಥ. ಮೂವತ್ತು ಎಣಿಸುವುದರೊಳಗೆ ಗುಡುಗು ಕೇಳಿದರೂ ನೀವು ಒಳಗೆ ಇರಬೇಕು. ಕೊನೆಯ ಗುಡುಗು ಕೇಳಿ ಅರ್ಧ ಗಂಟೆ ಆಗುವವರೆಗೆ ಹೊರಗೆ ಬರಬೇಡಿ. ಪಕ್ಕಾ ಕಟ್ಟಡ ಇಲ್ಲದಿದ್ದರೆ ಗಾಜು ಏರಿಸಿದ ಕಾರು ಒಳ್ಳೆಯದು. ಒಂಟಿ ಮರ, ತಗಡಿನ ಚಪ್ಪರ, ಕಬ್ಬಿಣದ ಕಂಬಿ ಬೇಡವೇ ಬೇಡ. ಕೂದಲು ಎದ್ದರೆ, ಮೈ ಜುಮ್ಮೆಂದರೆ, ನಗಬೇಡಿ, ಇಳಿಯಿರಿ. ಪುಣೆಯ ಹವಾಮಾನ ವಿಜ್ಞಾನಿಗಳು ಮಾಡಿದ ‘ದಾಮಿನಿ’ ಎಂಬ ಆ್ಯಪ್ ಇದೆ, ಹತ್ತಿರದಲ್ಲಿ ಸಿಡಿಲಿನ ಸಂಭವ ಇದ್ದರೆ ಎಚ್ಚರಿಸುತ್ತದೆ. ಮೊಬೈಲಿಗೆ ಹಾಕಿಕೊಳ್ಳಿ. ನೆಟ್‌ವರ್ಕ್ ಸಿಗದ ಕಡೆ ಊರಿನವರನ್ನು ಕೇಳಿ. ಮುಖ್ಯವಾಗಿ, ಅವರು ಹೇಳಿದ್ದನ್ನು ಕೇಳಿ.

ಅಂಗಳದಲ್ಲಿ ಟಾರ್ಚು

ಮಳೆ ಹಣಿದ ಮೇಲೆ ನಿಧಾನಕ್ಕೆ ಇಳಿದು ಬಂದೆವು. ರಸ್ತೆ ತುಂಬಾ ಕೊಂಬೆ, ಎಲೆ, ಕೆಂಪು ನೀರು. ಎರಡು ಕಡೆ ಮರ ಬಿದ್ದು, ತೋಟದ ಆಳುಗಳು ಕಡಿದು ದಾರಿ ಮಾಡಿಕೊಡುವವರೆಗೆ ಕಾಯಬೇಕಾಯಿತು. ಮನೆ ಸೇರಿದಾಗ ಏಳೂವರೆ ದಾಟಿತ್ತು. ಕರೆಂಟು ಹೋಗಿತ್ತು. ಆಕಾಶದಲ್ಲಿ ಇನ್ನೂ ಅಲ್ಲಲ್ಲಿ ಮಿಂಚು, ಸದ್ದಿಲ್ಲದೆ. ಅಂಗಳದಲ್ಲಿ ಒಂದು ಕತ್ತಿ ಬಿದ್ದಿತ್ತು. ಸಿಡಿಲು ಹೊಡೆಯುವಾಗ ಅಂಗಳಕ್ಕೆ ಕಬ್ಬಿಣ ಎಸೆಯುವುದು ಹಿಂದಿನವರ ಪದ್ಧತಿ, ಚಿಕ್ಕಮ್ಮ ಇನ್ನೂ ಬಿಟ್ಟಿಲ್ಲ.

ಅವರು ಮಳೆಮಾಪಕದ ಹತ್ತಿರ ನಿಂತಿದ್ದರು. ಸೀರೆ ಮೊಣಕಾಲವರೆಗೆ ಒದ್ದೆ, ಒಂದು ಕೈಯಲ್ಲಿ ಟಾರ್ಚು, ಇನ್ನೊಂದರಲ್ಲಿ ಗಾಜಿನ ಜಾಡಿ. ಮಕ್ಕಳನ್ನು ಕಂಡವರೇ ಟಾರ್ಚನ್ನು ಒಬ್ಬೊಬ್ಬರ ಮುಖದ ಮೇಲೂ ಹಿಡಿದು, ತಲೆ ಮುಟ್ಟಿ ನೋಡಿದರು. ಬೈಯುತ್ತಾರೆ ಅಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು.

‘ಫೋನ್ ಸಿಗಲಿಲ್ಲ. ಮೂರು ಗಂಟೆಯಿಂದ ಬಾಗಿಲಲ್ಲೇ ನಿಂತಿದ್ದೀನಿ’ ಅಂದರು. ಸ್ವಲ್ಪ ಹೊತ್ತು ಬಿಟ್ಟು, ಜಾಡಿಯನ್ನು ನನ್ನ ಮಗಳ ಕೈಗೆ ಕೊಟ್ಟು, ‘ನನ್ನ ಕಣ್ಣಿಗೆ ಸರಿಯಾಗಿ ಕಾಣ್ತಿಲ್ಲ ಪುಟ್ಟಿ, ಗೆರೆ ಎಲ್ಲಿದೆ ನೋಡಿ ಹೇಳು’ ಅಂದರು.

ಮಗಳು ಟಾರ್ಚಿನ ಬೆಳಕಲ್ಲಿ ಎರಡು ಸಲ ನೋಡಿ ಹೇಳಿದಳು. ‘ಒಂದು ಇಂಚು, ಹತ್ತು ಸೆಂಟು ಅಜ್ಜಿ.’

ಚಿಕ್ಕಮ್ಮ ಏನೂ ಅನ್ನಲಿಲ್ಲ. ಸೆರಗಿನಿಂದ ಮುಖ ಒರೆಸಿಕೊಂಡರು. ಒಳಗೆ ಹೋಗಿ ಕಾಫಿಗೆ ನೀರಿಟ್ಟರು. ಒಲೆಯ ಬೆಳಕಲ್ಲಿ ಕೂತಾಗ ಮೆಲ್ಲಗೆ ಹೇಳಿದರು. ‘ಮೊದಲು ಹತ್ತು ನಿಮಿಷಕ್ಕೆ ನಿಲ್ಲೋ ಹಾಗೆ ಆಯ್ತು ಕಣೆ. ನಿಂತಿದ್ರೆ ಮುಗೀತಿತ್ತು. ನಿಲ್ಲಬೇಡ, ನಿಲ್ಲಬೇಡ ಅಂತ ಬೇಡ್ಕೊಳ್ತಾ ಇದ್ದೆ. ಆಮೇಲೆ ನೀವೆಲ್ಲ ಮೇಲೆ ಗುಡ್ಡದಲ್ಲಿದೀರಿ ಅಂತ ನೆನಪಾಗ್ತಿತ್ತು. ಬಾಯಿ ಕಟ್ಟಿದ ಹಾಗಾಗ್ತಿತ್ತು. ನಿಲ್ಲು ಅನ್ನಲಾ, ಬೇಡ ಅನ್ನಲಾ?’

ನನಗೆ ಉತ್ತರ ಹೊಳೆಯಲಿಲ್ಲ. ಅದೇ ಹೊತ್ತಿಗೆ ಕಾರಿನೊಳಗೆ ಕೂತು ನಾನು ಬೇಡಿಕೊಂಡದ್ದು ಏನು ಅಂತ ಅವರಿಗೆ ಹೇಳಲೂ ಇಲ್ಲ. ನಮ್ಮ ಹಟ ಅವರ ವರ್ಷದ ಒಂದೇ ಒಂದು ಒಳ್ಳೆಯ ಮಧ್ಯಾಹ್ನವನ್ನು ಭಯದಲ್ಲಿ ಕಳೆಯುವಂತೆ ಮಾಡಿತ್ತು. ಆ ರಾತ್ರಿ ಅರೆಒಣಗಿದ ಹಪ್ಪಳವನ್ನೇ ಕೆಂಡದ ಮೇಲೆ ಸುಟ್ಟುಕೊಟ್ಟರು. ನೋಟ್‌ಬುಕ್ಕಿನಲ್ಲಿ ಮಗಳ ಕೈಯಲ್ಲೇ ಬರೆಸಿದರು: ರೇವತಿ, 1 ಇಂಚು 10 ಸೆಂಟು. ‘ಪಕ್ಕದಲ್ಲಿ ಏನು ಬರೀಲಿ ಅಜ್ಜಿ?’ ಅಂದಳು. ‘ಎಲ್ಲರೂ ಮನೆಗೆ ಬಂದರು ಅಂತ ಬರಿ’ ಅಂದರು.

ಬಿಳಿ ಬೆಳಗು

ಹತ್ತನೇ ದಿನ ಫೋನ್ ಬಂತು. ‘ಬರೋದಾದ್ರೆ ಇವತ್ತೇ ರಾತ್ರಿ ಹೊರಡು. ನಾಡಿದ್ದು ಬಂದ್ರೆ ಇರಲ್ಲ.’ ಮಕ್ಕಳನ್ನು ನಮ್ಮವರ ತಲೆಗೆ ಕಟ್ಟಿ ರಾತ್ರಿ ಬಸ್ಸು ಹತ್ತಿದೆ. ಮುಂಜಾನೆ ಆಟೋ ಇಳಿದು ತೋಟದ ದಾರಿಯಲ್ಲಿ ನಡೆಯುವಾಗ ಮೊದಲು ಬಂದದ್ದು ಪರಿಮಳ. ಮಲ್ಲಿಗೆಯ ಹಾಗೆ, ಆದರೆ ಮಲ್ಲಿಗೆಯಷ್ಟು ಗಾಢವಲ್ಲ. ಆಮೇಲೆ ಬೆಳಕು ಹರಿದಂತೆ ಗಿಡಗಳು ಕಂಡವು. ಒಂದೊಂದು ರೆಕ್ಕೆಯ ಉದ್ದಕ್ಕೂ ಯಾರೋ ಕೂತು ಹೂ ಕಟ್ಟಿದ ಹಾಗೆ ಬಿಳಿ ದಂಡೆ. ಕಣ್ಣು ಹಾಯುವವರೆಗೆ ಅದೇ. ಜೇನ್ನೊಣಗಳ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಹನ್ನೊಂದು ದಿನದ ಕೆಳಗೆ ಜೋತುಬಿದ್ದಿದ್ದ ತೋಟ ಇದೇನಾ ಅನ್ನಿಸಿತು.

ಚಿಕ್ಕಮ್ಮ ಗಿಡಗಳ ನಡುವೆ ಓಡಾಡುತ್ತಿದ್ದರು, ಹೂವು ಮುಟ್ಟದ ಹಾಗೆ ಸೆರಗು ಸುತ್ತಿ ಹಿಡಿದುಕೊಂಡು. ಮೂಲೆಯಲ್ಲಿದ್ದ ದೊಡ್ಡ ಸಿಲ್ವರ್ ಓಕ್ ಮರ ಅವತ್ತಿನ ಸಿಡಿಲಿಗೆ ತುದಿಯಿಂದ ಬುಡದವರೆಗೆ ಸೀಳಿ ನಿಂತಿತ್ತು. ಅದಕ್ಕೆ ಹಬ್ಬಿದ್ದ ಕಾಳುಮೆಣಸಿನ ಬಳ್ಳಿ ಸುಟ್ಟುಹೋಗಿತ್ತು. ಅದರ ಬುಡದ ನಾಲ್ಕು ಕಾಫಿ ಗಿಡ ಮಾತ್ರ ಹೂ ಬಿಟ್ಟಿರಲಿಲ್ಲ. ಉಳಿದದ್ದೆಲ್ಲ ಬಿಳಿ. ‘ಕೊಟ್ಟಿದ್ದೂ ಅದೇ, ತಗೊಂಡಿದ್ದೂ ಅದೇ’ ಅಂದರು, ದೂರೇನೂ ಇಲ್ಲದ ಧ್ವನಿಯಲ್ಲಿ.

ಕಾಯಿ ಕಚ್ಚಲು ಬೇಕಾದ ಮಳೆ ಭರಣಿಯ ಎರಡನೇ ದಿನ ಬಿತ್ತು. ಎಪ್ಪತ್ತು ಸೆಂಟು. ಆ ಸಂಜೆ ಅವರು ತಮ್ಮನಿಗೆ ಫೋನ್ ಮಾಡಿದರಂತೆ. ಮಾರುವ ಮಾತು ಈ ವರ್ಷಕ್ಕೆ ಮುಂದೆ ಹೋಗಿದೆ, ನಿಂತಿಲ್ಲ. ಸಾಲ ಇನ್ನೂ ಇದೆ, ಅವರಿಗೆ ವಯಸ್ಸು ಇನ್ನೊಂದು ಕೂಡಿದೆ. ಮುಂದಿನದು ಮುಂದಿನ ರೇವತಿಗೆ.

ಈ ಬೇಸಿಗೆಗೂ ನಾವು ಅಲ್ಲಿಗೇ ಹೊರಟಿದ್ದೇವೆ. ಮುಳ್ಳಯ್ಯನಗಿರಿಯ ತುದಿ ಬಾಕಿ ಇದೆಯಲ್ಲ. ಬೆಳಗ್ಗೆ ಐದಕ್ಕೇ ಎದ್ದು ಹೋಗಿಬರುವುದು ಅಂತ ಮಕ್ಕಳೇ ತೀರ್ಮಾನ ಮಾಡಿದ್ದಾರೆ. ಮೊನ್ನೆ ಸಂಜೆ ಇಲ್ಲಿ ಮೋಡ ಕವಿದಾಗ ಮಗಳು ಬಾಲ್ಕನಿಯಿಂದಲೇ ಚಿಕ್ಕಮ್ಮನಿಗೆ ಫೋನ್ ಮಾಡಿದಳು. ಹೇಗಿದೀರಾ, ಊಟ ಆಯ್ತಾ ಒಂದೂ ಕೇಳಲಿಲ್ಲ.

‘ಅಜ್ಜಿ, ಹಪ್ಪಳ ಒಳಗೆ ಬಂತಾ?’